ಚೋಯಾ ಕಳ್ಳಿಗೆ ಹೆಸರಿಟ್ಟವರು

ನಮ್ಮ ಬೇಲಿಯ ಪಾಪಾಸುಕಳ್ಳಿಗೆ ಆ ಹೆಸರನ್ನಿಟ್ಟವನು ಯಾರೋ ತಿಳಿಯದು. ಅವನ ಕಣ್ಣು ಮಾತ್ರ ಚುರುಕಾದುದು. ಪಾಪಾಸು ಎಂದರೆ ಪಾದರಕ್ಷೆ. ಪಾರಸಿಯ ‘ಪಾಪೋಶ್’ ನಮ್ಮವರ ನಾಲಗೆಯ ಮೇಲೆ ಸವೆದು ಹೀಗಾಯಿತು. ಜೋಡಿನ ಅಟ್ಟೆಗಳನ್ನು ಒಂದರ ತುದಿಗೊಂದು ಹೊಲಿದಂತಿರುವ ಗಿಡಕ್ಕೆ ಇದಕ್ಕಿಂತ ಒಪ್ಪುವ ಹೆಸರುಂಟೆ? ಆದರೆ ಅದನ್ನು ಕಳ್ಳಿಯ ಕುಲಕ್ಕೆ ಸೇರಿಸಿದ್ದು ಕಣ್ಣಿನ ಮೋಸ. ಮುರಿದರೆ ಹಾಲು ಸುರಿಸುವ ನಮ್ಮ ಹಳೆಯ ಕಳ್ಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇದು ಅಮೆರಿಕದ ಗಿಡ. ಐರೋಪ್ಯರ ಹಡಗುಗಳ ಕಾಲದಲ್ಲಿ ಕಡಲು ದಾಟಿ ಬಂದುದು.

ಕನ್ನಡ ಪಾಠ ಹೇಳುವ ನನಗೆ ಸಸ್ಯಶಾಸ್ತ್ರದಲ್ಲಿ ಅಧಿಕಾರವೇನೂ ಇಲ್ಲ. ಹೆಸರುಗಳ ಹುಚ್ಚು ಮಾತ್ರ ಉಂಟು. ಆ ಹುಚ್ಚಿನಿಂದಲೇ ಪಾಪಾಸುಕಳ್ಳಿಯ ಅಮೆರಿಕದ ದಾಯಾದಿಯೊಂದರ ಚರಿತ್ರೆಯನ್ನು ಓದತೊಡಗಿದೆ. ಅದರ ಹೆಸರು ಚೋಯಾ. ಸ್ಪ್ಯಾನಿಷ್ ಭಾಷೆಯಲ್ಲಿ ‘ತಲೆ’ ಎಂಬುದಕ್ಕೆ ಇರುವ ಆಡುಮಾತು ಇದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ನೈರುತ್ಯ ಭಾಗದಲ್ಲೂ ಉತ್ತರ ಮೆಕ್ಸಿಕೋದಲ್ಲೂ ಇದು ಕಾಡಾಗಿ ಬೆಳೆಯುತ್ತದೆ. ಪಾಪಾಸುಕಳ್ಳಿಯ ತುಂಡು ಚಪ್ಪಟೆ. ಚೋಯಾದ ತುಂಡು ಉರುಳೆಯಂತೆ ದುಂಡು. ಮುಳ್ಳಿಗೆ ಕಾಗದದಂಥ ತೆಳ್ಳನೆಯ ಒರೆಯುಂಟು. ಸಂಜೆಯ ಬಿಸಿಲಿನಲ್ಲಿ ಆ ಒರೆಗಳೆಲ್ಲ ಹೊಳೆದು ಗಿಡ ತುಪ್ಪಳದ ಬೊಂಬೆಯಂತೆ ಕಾಣುತ್ತದೆಯಂತೆ. ಒಂದು ಜಾತಿಗೆ ಅಲ್ಲಿಯವರು ಕರಡಿಮರಿಯ ಆಟಿಕೆಯ ಹೆಸರನ್ನೇ ಕೊಟ್ಟಿದ್ದಾರೆ. ಮುದ್ದೆಂದು ಮುಟ್ಟಿದಿರೋ, ಕೆಟ್ಟಿರಿ! ಮುಳ್ಳಿನ ತುದಿಯಲ್ಲಿ ಗಾಳದಂತೆ ಹಿಂದಕ್ಕೆ ಬಾಗಿದ ಕೊಕ್ಕೆಗಳಿವೆ. ಸೋಕಿದೊಡನೆ ಇಡಿಯ ತುಂಡೇ ಕಳಚಿ ಮೈಗಂಟುತ್ತದೆ. ಗಿಡವೇ ಎಗರಿ ಕಚ್ಚುತ್ತದೆಂದು ಜನ ಹೇಳುವುದು ಇದರಿಂದ. ಅಲ್ಲಿ ತಿರುಗಾಡುವವರು ಜೇಬಿನಲ್ಲೊಂದು ಬಾಚಣಿಗೆ ಇಟ್ಟುಕೊಳ್ಳುತ್ತಾರೆ, ತಲೆಗಲ್ಲ, ತುಂಡನ್ನು ಮೈಯಿಂದ ಎಬ್ಬಿಸಿ ಎಸೆಯುವುದಕ್ಕೆ.

ಪಂಡಿತರು ಇದಕ್ಕೆ ಹೆಸರಿಟ್ಟ ಕಥೆ ವಿನೋದವಾಗಿದೆ. ೧೭೫೩ರಲ್ಲಿ ಲಿನೇಯಸ್ ಮಹಾಶಯನು ತಾನು ಬಲ್ಲ ಕಳ್ಳಿಗಳನ್ನೆಲ್ಲ ‘ಕ್ಯಾಕ್ಟಸ್’ ಎಂಬ ಒಂದೇ ದೊಡ್ಡಿಗೆ ಕೂಡಿದನು. ಮರುವರ್ಷ ಮಿಲ್ಲರನು ಪಾಪಾಸುಕಳ್ಳಿಯ ಬಳಗವನ್ನು ಬೇರೆ ಮಾಡಿ ‘ಒಪನ್ಷಿಯ’ ಎಂದನು. ೧೮೨೧ರಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬವನು ಚೋಯಾದ ಒಂದು ಜಾತಿಯನ್ನು ಕಂಡು, ಕಂಬದಂತೆ ನಿಲ್ಲುವ ‘ಸೀರಿಯಸ್’ ಕಳ್ಳಿಗಳ ಸಾಲಿಗೆ ಸೇರಿಸಿಬಿಟ್ಟನು. ದುಂಡಗಿದ್ದುದನ್ನೆಲ್ಲ ಕಂಬವೆಂದವನಿಗಿಂತ ಚಪ್ಪಟೆಯಾದುದನ್ನು ಪಾಪಾಸೆಂದ ನಮ್ಮವನು ಯಾವುದರಲ್ಲಿ ಕಡಮೆ?

ನಿಜವಾದ ನಾಮಕರಣ ನಡೆದದ್ದು ಯುದ್ಧದ ಬೆನ್ನಿಗೆ. ೧೮೪೮ರ ಒಪ್ಪಂದದಿಂದ ಮೆಕ್ಸಿಕೋದ ವಿಶಾಲ ಭೂಭಾಗ ಅಮೆರಿಕದ ಕೈಸೇರಿತು. ಶಾಂತಸಾಗರದವರೆಗೆ ರೈಲುದಾರಿ ಹಾಕಲು ೧೮೫೩ರಲ್ಲಿ ಮೋಜಣಿಯ ತಂಡಗಳು ಹೊರಟವು. ಅವುಗಳಲ್ಲೊಂದಕ್ಕೆ ವ್ಹಿಪಲ್ ಎಂಬ ಸೈನ್ಯಾಧಿಕಾರಿ ಮುಖಂಡ. ಬಿಗೆಲೋ ಎಂಬ ಐವತ್ತರ ಹತ್ತಿರದ ವೈದ್ಯ ಅದರ ಸಸ್ಯಸಂಗ್ರಾಹಕ. ಅರ್ಕನ್ಸಾದ ಫೋರ್ಟ್ ಸ್ಮಿತ್ತಿನಿಂದ ಹೊರಟ ಈ ತಂಡ ೧೮೫೪ರ ಮಾರ್ಚಿನಲ್ಲಿ ಲಾಸ್ ಏಂಜಲೀಸನ್ನು ಮುಟ್ಟಿತು. ಸಾಮಾನ್ಯ ಗಿಡವಾದರೆ ಕಾಗದದ ನಡುವೆ ಒತ್ತಿ ಒಣಗಿಸಬಹುದು. ಕಳ್ಳಿಯೋ, ಒತ್ತಿದರೆ ಕೊಳೆಯುತ್ತದೆ, ಹೊತ್ತರೆ ಚುಚ್ಚುತ್ತದೆ. ಹೇಸರಗತ್ತೆಗಳ ಬೆನ್ನ ಮೇಲೆ ಆ ಮುಳ್ಳಿನ ಹೊರೆಯನ್ನು ಸಾಗಿಸಿದ ಬಿಗೆಲೋವಿನ ತಾಳ್ಮೆಯನ್ನು ಮೆಚ್ಚಲೇಬೇಕು.

ಆ ಸಂಗ್ರಹ ಸೇಂಟ್ ಲೂಯಿಯಲ್ಲಿದ್ದ ಎಂಗೆಲ್ಮನ್ ಎಂಬ ವೈದ್ಯನ ಮೇಜನ್ನು ಸೇರಿತು. ಜರ್ಮನಿಯಿಂದ ವಲಸೆ ಬಂದಿದ್ದ ಈತ ರೋಗಿಗಳನ್ನು ನೋಡಿ ಉಳಿದ ವೇಳೆಯಲ್ಲಿ ಕಳ್ಳಿಗಳನ್ನು ನೋಡುತ್ತಿದ್ದನು. ೧೮೫೬ರಲ್ಲಿ ಅವನು ದುಂಡುತುಂಡಿನವುಗಳನ್ನೆಲ್ಲ ‘ಸಿಲಿಂಡ್ರೊಪನ್ಷಿಯ’ ಎಂಬ ಉಪಕುಲವಾಗಿ ವಿಂಗಡಿಸಿದನು. ಒಂದು ಜಾತಿಗೆ ಬಿಗೆಲೋವಿನ ಹೆಸರು, ಇನ್ನೊಂದಕ್ಕೆ ವ್ಹಿಪಲನ ಹೆಸರು ಬಂತು. ವ್ಹಿಪಲ್ ೧೮೬೩ರಲ್ಲಿ ಅಂತರ್ಯುದ್ಧದಲ್ಲಿ ಗಾಯಗೊಂಡು ತೀರಿಕೊಂಡನು, ಗಿಡದಲ್ಲಿ ಉಳಿದಿದ್ದಾನೆ.

ಎಂಗೆಲ್ಮನ್ನನ ಮೇಜಿಗೆ ಕಳ್ಳಿಗಳು ಬಂದದ್ದು ರೈಲಿನ ಮೋಜಣಿಯಿಂದ ಮಾತ್ರವಲ್ಲ, ಗಡಿಯ ಮೋಜಣಿಯಿಂದಲೂ ಉಂಟು. ಅವನ್ನು ಕುರಿತ ಅವನ ಗ್ರಂಥ ೧೮೫೯ರಲ್ಲಿ ಹೊರಬಂತು. ೧೮೫೩ರ ಕೊನೆಯಲ್ಲಿ ಕುದುರಿ ಮರುವರ್ಷ ಸ್ಥಿರಪಟ್ಟ ಕರಾರಿನಂತೆ ಅಮೆರಿಕ ಒಂದು ಕೋಟಿ ಡಾಲರು ತೆತ್ತು ಮೆಕ್ಸಿಕೋದಿಂದ ಇನ್ನೊಂದು ತುಂಡು ನೆಲವನ್ನು ಕೊಂಡಿತು. ಹೊಸ ಗಡಿರೇಖೆ ತೊಹೊನೊ ಓಓದಮ್ ಜನರ ನಾಡಿನ ನಡುವೆಯೇ ಹಾದುಹೋಯಿತು. ಗೆರೆ ಎಳೆದವರೂ ಗಿಡ ಕಿತ್ತವರೂ ಒಂದೇ ತಂಡದವರು. ಮಾರಿದವರಾಗಲಿ ಕೊಂಡವರಾಗಲಿ ಓಓದಮರ ಮಾತನ್ನು ಕೇಳಲಿಲ್ಲ.

ಅವರಿಗೆ ಹೇಳುವುದು ಬೇಕಾದಷ್ಟಿತ್ತು. ಬೇಸಗೆಯ ಹಣ್ಣು ಮಾಗುವ ಮೊದಲು, ಮಳೆಗೆ ಇನ್ನೂ ದೂರವಿರುವಾಗ, ಆಹಾರ ತೀರ ತೆಳುವಾಗುವ ಕಾಲವೊಂದಿದೆ. ಏಪ್ರಿಲಿನ ಆ ದಿನಗಳಲ್ಲೇ ಚೋಯಾ ಮೊಗ್ಗು ಬಿಡುವುದು. ಅದಕ್ಕೆ ಅವರ ಹೆಸರು ‘ಚಿಯೊಲಿಮ್’. ಅರಳುವ ಮುನ್ನ ಮೊಗ್ಗನ್ನು ಚಿಮ್ಮಟದಿಂದ ಕಿತ್ತು, ಉಜ್ಜಿ ಮುಳ್ಳುದುರಿಸಿ, ಕಾದ ಕಲ್ಲಿನ ಗುಂಡಿಯಲ್ಲಿ ಹಸಿ ಸೊಪ್ಪಿನೊಡನೆ ಮುಚ್ಚಿ ರಾತ್ರಿಯೆಲ್ಲ ಬೇಯಿಸಿ, ಬಿಸಿಲಿಗೆ ಒಣಗಿಸುತ್ತಾರೆ. ಹೀಗೆ ಒಣಗಿದ್ದು ಬಹುಕಾಲ ಕೆಡದು. ಸುಣ್ಣದ ಅಂಶ ಅದರಲ್ಲಿ ಹೇರಳ. ಯಾವ ಜಾತಿಯ ಮೊಗ್ಗು ರುಚಿ, ಯಾವುದರ ಮುಳ್ಳು ಬೇಗ ಉದುರುತ್ತದೆ ಎಂಬ ವಿವೇಚನೆಯೂ ಒಂದು ವರ್ಗೀಕರಣವೇ ಅಲ್ಲವೆ? ಆದರೂ ಈ ಗಿಡವನ್ನು ಉಂಡು ಬದುಕಿದ ಜನರ ಒಂದು ಮಾತನ್ನಾದರೂ ಅದರ ಶಾಸ್ತ್ರೀಯ ನಾಮಗಳಲ್ಲಿ ನಾನು ಕಾಣೆ.

ಜಾತಿಗಳು ಎಷ್ಟು ಎಂಬ ಪ್ರಶ್ನೆಗೆ ಪಂಡಿತರಲ್ಲಿ ಇನ್ನೂ ಏಕಾಭಿಪ್ರಾಯವಿಲ್ಲ. ೧೯೨೦ರ ಸುಮಾರಿನಲ್ಲಿ ಬ್ರಿಟನ್ ಮತ್ತು ರೋಸ್ ತಮ್ಮ ಮಹಾಗ್ರಂಥದಲ್ಲಿ ಚೋಯಾವನ್ನು ಪಾಪಾಸುಕಳ್ಳಿಯ ಮನೆಯಲ್ಲೇ ಇರಿಸಿದರು. ೧೯೩೦ರ ದಶಕದಲ್ಲಿ ಡೆನ್ಮಾರ್ಕಿನ ಕ್ನೂಟ್ ಅದಕ್ಕೆ ಬೇರೆ ಮನೆ ಕಟ್ಟಿಕೊಟ್ಟನು. ಈಗಿನ ಲೆಕ್ಕದಲ್ಲಿ ಸುಮಾರು ೩೫ ಜಾತಿಗಳು. ಈ ‘ಸುಮಾರು’ ಸುಮ್ಮನೆ ಬಂದುದಲ್ಲ. ಇವು ಒಂದರೊಡನೊಂದು ಧಾರಾಳವಾಗಿ ಬೆರೆತು ಮಿಶ್ರಸಂತಾನವನ್ನು ಪಡೆಯುತ್ತವೆ. ಬಿಗೆಲೋವಿನ ಹೆಸರು ಹೊತ್ತ ಜಾತಿಯಲ್ಲಂತೂ ಹೆಚ್ಚಿನವು ಮೂರು ಜೊತೆ ವರ್ಣತಂತುಗಳವು. ಅವುಗಳ ಬೀಜ ಬಹುಮಟ್ಟಿಗೆ ಹುಸಿ. ಉದುರಿದ ತುಂಡೇ ಬೇರುಬಿಟ್ಟು ಗಿಡವಾಗುತ್ತದೆ. ಒಂದು ಗುಡ್ಡದ ಇಳಿಜಾರಿನ ನೂರಾರು ಗಿಡಗಳು ಒಂದೇ ಗಿಡದ ಚೂರುಗಳಾಗಿರಬಹುದು. ಅದನ್ನು ಊರೆನ್ನುವುದೊ, ಒಬ್ಬ ಮನುಷ್ಯನೆನ್ನುವುದೊ?

ಹೊರಗಿನವರು ಹಚ್ಚಿದ್ದ ‘ಪಾಪಗೊ’ ಎಂಬ ಹೆಸರನ್ನು ಓಓದಮರು ೧೯೮೬ರಲ್ಲಿ ಕಳಚಿಹಾಕಿ ‘ಮರುಭೂಮಿಯ ಜನ’ ಎಂಬರ್ಥದ ತಮ್ಮ ಮಾತನ್ನೇ ಅಧಿಕೃತ ಮಾಡಿಕೊಂಡರು. ಅಂಗಡಿಯ ಹಿಟ್ಟುಸಕ್ಕರೆಯ ಊಟ ಬಂದಮೇಲೆ ಅವರಲ್ಲಿ ಸಿಹಿಮೂತ್ರ ರೋಗ ಭಯಂಕರವಾಗಿ ಹರಡಿತು. ಈಚಿನ ದಶಕಗಳಲ್ಲಿ ಅವರ ಹಿರಿಯರು ಏಪ್ರಿಲ್ ತಿಂಗಳಲ್ಲಿ ಚಿಮ್ಮಟ ಹಿಡಿದು, ಕಿರಿಯರನ್ನು ಕರೆದುಕೊಂಡು, ಮತ್ತೆ ಚಿಯೊಲಿಮ್ ಕೀಳಲು ಹೋಗುತ್ತಿದ್ದಾರೆ.