ಹೊಳೆ ನೀರು, ನೆನೆದ ನಾರು: ಲಿನೆನ್ ಮಿಲ್ಲಿನ ಕಥೆ

ಈ ಸಲ ಬಟ್ಟೆಯ ಕಥೆ. ಉತ್ತರ ಕರ್ನಾಟಕದವರಿಗೆ ಅಗಸಿ ಹಿಂಡಿ ಗೊತ್ತೇ ಇರುತ್ತೆ. ಅದೇ ಅಗಸೆ ಗಿಡದ ಕಾಂಡದ ನಾರಿನಿಂದಲೇ ಲಿನೆನ್ ಬರೋದು. ನಾವು ಬೀಜ ತಿಂದ್ವಿ, ಯುರೋಪಿನವರು ಕಾಂಡವನ್ನೇ ಉಟ್ಟರು.

ಇಂಗ್ಲೆಂಡಿನಲ್ಲಿ ಹತ್ತಿ ನೂಲೋ ಯಂತ್ರ ಮೊದಲೇ ಕೈಹಿಡಿದಿತ್ತು. ಅಗಸೆ ನಾರು ಮಾತ್ರ ಹಠಮಾರಿ. ಉದ್ದ, ಬಿರುಸು, ಮೇಲೆ ಅಂಟು ಬೇರೆ. ಕೈಯಲ್ಲಿ ನೂಲುವ ಹೆಂಗಸರು ಬೆರಳಿಗೆ ಎಂಜಲು ಹಚ್ಚಿ ಅದನ್ನು ಮೆತ್ತಗೆ ಮಾಡ್ಕೊಳ್ತಿದ್ರು. ಯಂತ್ರಕ್ಕೆ ಎಂಜಲು ಎಲ್ಲಿಂದ ತರೋದು?

1787ರಲ್ಲಿ ಡಾರ್ಲಿಂಗ್ಟನ್ ಊರಿನ ಜಾನ್ ಕೆಂಡ್ರೂ ಮತ್ತು ಥಾಮಸ್ ಪೋರ್ಟ್‌ಹೌಸ್ ಅಗಸೆ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದರ ಸುದ್ದಿ ಲೀಡ್ಸ್‌ನ ಲಿನೆನ್ ವ್ಯಾಪಾರಿಯ ಮಗ ಜಾನ್ ಮಾರ್ಷಲ್‌ನ ಕಿವಿಗೆ ಬಿತ್ತು. ಊರಾಚೆ ತೊರೆಯ ಪಕ್ಕ ಇದ್ದ ಸ್ಕಾಟ್ಲೆಂಡ್ ಮಿಲ್‌ನಲ್ಲಿ ನೀರಿನ ಚಕ್ರಕ್ಕೆ ಕಟ್ಟಿ ಆ ಯಂತ್ರ ಓಡಿಸಿ ನೋಡಿದ. ನೂಲು ಸರಿ ಬರಲಿಲ್ಲ. ಮ್ಯಾಥ್ಯೂ ಮರ್ರೆ ಅನ್ನೋ ಮೆಕ್ಯಾನಿಕ್ ಬಂದು ತಿದ್ದಿದ ಮೇಲೇನೇ ಅದು ದಾರಿಗೆ ಬಂತು. ನನ್ನ ಲೆಕ್ಕದಲ್ಲಿ ಈ ಕಥೆಯ ಹೀರೋ ಮರ್ರೆನೇ, ಆದ್ರೆ ದುಡ್ಡು ಮಾಡಿದ್ದು ಮಾರ್ಷಲ್. 1790ರ ದಶಕದಲ್ಲಿ ಅವನ ಮಿಲ್ಲು ಹೋಲ್ಬೆಕ್‌ಗೆ ಬಂತು, ಉಗಿಯಂತ್ರವೂ ಬಂತು.

ಹಾಗಂತ ನೀರಿನ ಪಾತ್ರ ಮುಗೀಲಿಲ್ಲ. 1825ರಲ್ಲಿ ಜೇಮ್ಸ್ ಕೇ ಎಂಬಾತ ನಾರನ್ನು ನೀರಲ್ಲಿ ನೆನೆಸಿ ನೂಲುವ ವಿಧಾನ ತಂದ. ಅಂಟು ಸಡಿಲಾಗಿ ದಾರ ತೀರಾ ನಯವಾಗಿ ಬಂತು. ಎಂಜಲಿನ ಕೆಲಸವನ್ನು ನೀರು ಮಾಡಿತು, ಅಷ್ಟೇ.

ಆದ್ರೆ ತಿರುಗೋ ಕದಿರುಗಳಿಂದ ಆ ನೀರು ಸಿಡಿಯೋದು ಎದುರಿಗೆ ನಿಂತ ಹುಡುಗಿಯರ ಮೇಲೆ. ಬಟ್ಟೆ ಇಡೀ ದಿನ ಒದ್ದೆ. ಚಳಿಗಾಲದಲ್ಲಿ ಅದೇ ಒದ್ದೆ ಬಟ್ಟೆಯಲ್ಲಿ ಮನೆಗೆ ನಡೀಬೇಕು.

1832ರಲ್ಲಿ ಎಲಿಜಬೆತ್ ಬೆಂಟ್ಲಿ ಅನ್ನೋ 23 ವರ್ಷದ ಹೆಣ್ಣುಮಗಳು ಪಾರ್ಲಿಮೆಂಟಿನ ಸಮಿತಿ ಮುಂದೆ ಸಾಕ್ಷಿ ಹೇಳಿದಳು. ಲೀಡ್ಸ್‌ನ ಇನ್ನೊಂದು ಅಗಸೆ ಮಿಲ್ಲಿಗೆ ಆಕೆ ಸೇರಿದಾಗ ವಯಸ್ಸು 6. ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕೋ ಕೆಲಸ. ಆರ್ಡರ್ ಜಾಸ್ತಿ ಇದ್ದಾಗ ಬೆಳಗ್ಗೆ 5ರಿಂದ ರಾತ್ರಿ 9ರವರೆಗೆ. ಊಟಕ್ಕೆ ಮಧ್ಯಾಹ್ನ 40 ನಿಮಿಷ. ನಿಧಾನ ಮಾಡಿದ್ರೆ ಬೆಲ್ಟಿನ ಏಟು. ಮುಂದೆ ಭಾರದ ಬುಟ್ಟಿ ಎಳೆದೆಳೆದು ಅವಳ ಮೈಕಟ್ಟೇ ಸೊಟ್ಟಗಾಯ್ತು.

ಮರುವರ್ಷವೇ ಕಾನೂನು ಬಂತು: ಇಂಥ ಮಿಲ್ಲುಗಳಲ್ಲಿ 9 ವರ್ಷದೊಳಗಿನ ಮಕ್ಕಳು ಕೆಲಸ ಮಾಡೋ ಹಾಗಿಲ್ಲ. ಅದನ್ನು ನೋಡ್ಕೊಳ್ಳೋಕೆ ಇನ್ಸ್‌ಪೆಕ್ಟರ್‌ಗಳನ್ನೂ ನೇಮಿಸಿದರು. ದೇಶಕ್ಕೆಲ್ಲ ಸೇರಿ ನಾಲ್ಕು ಜನ.