ಸತ್ತ ಪ್ರೋಗ್ರಾಮಿನ ಪೋಸ್ಟ್‌ಮಾರ್ಟಮ್

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಸರ್ವರ್ ಪ್ರೋಗ್ರಾಮ್ ಎರಡು-ಮೂರು ದಿನಕ್ಕೊಮ್ಮೆ ಸತ್ತು ಬೀಳುತ್ತಿತ್ತು. ಒಂದು ಸ್ಕ್ರಿಪ್ಟ್ ಅದನ್ನು ಮತ್ತೆ ಎಬ್ಬಿಸುತ್ತಿತ್ತು, ನಾವು ಹೊದ್ದು ಮಲಗುತ್ತಿದ್ದೆವು. ಲಾಗ್‌ನಲ್ಲಿ 'ಸೆಗ್ಮೆಂಟೇಶನ್ ಫಾಲ್ಟ್' ಅನ್ನೋದು ಬಿಟ್ಟರೆ ಬೇರೇನೂ ಇಲ್ಲ. ತಪ್ಪು ಹೊಸದಾಗಿ ಸೇರಿದ ಹುಡುಗನದೇ ಇರಬೇಕು ಅಂತ ಎಲ್ಲರೂ (ನಾನೂ!) ತೀರ್ಮಾನಿಸಿಬಿಟ್ಟಿದ್ದೆವು. ಆ ಕಥೆಗೆ ಆಮೇಲೆ ಬರ್ತೀನಿ. ಮೊದಲು ಸ್ವಲ್ಪ ಇತಿಹಾಸ..

1949ರ ಮೇ 6ರಂದು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಎಡ್‌ಸ್ಯಾಕ್ ಕಂಪ್ಯೂಟರ್ ಮೊದಲ ಸಲ ಲೆಕ್ಕ ಮಾಡಿತು. ಅದನ್ನು ಕಟ್ಟಿದ ತಂಡದ ಮುಖ್ಯಸ್ಥ ಮಾರಿಸ್ ವಿಲ್ಕ್ಸ್ ಸ್ವಲ್ಪ ದಿನದಲ್ಲೇ ಏರಿ ಸಮೀಕರಣ ಬಿಡಿಸೋ ಪ್ರೋಗ್ರಾಮ್ ಬರೆದರು. 126 ಸಾಲು, ಅದರಲ್ಲಿ ಸುಮಾರು 20 ತಪ್ಪು! ತನ್ನ ಉಳಿದ ಆಯುಷ್ಯದ ದೊಡ್ಡ ಭಾಗ ತನ್ನದೇ ತಪ್ಪು ಹುಡುಕೋದರಲ್ಲಿ ಕಳೆಯುತ್ತೆ ಅಂತ ಮೆಟ್ಟಿಲು ಹತ್ತಿ ಇಳಿಯುವಾಗ ಹೊಳೆಯಿತಂತೆ. ಹೀಗಂತ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಎಡ್‌ಸ್ಯಾಕ್‌ನ ಮೆಮೊರಿಯಲ್ಲಿರೋ ಬಿಟ್‌ಗಳು ಒಂದು ಪುಟ್ಟ ಪರದೆಯ ಮೇಲೆ ಚುಕ್ಕಿಗಳಾಗಿ ಕಾಣುತ್ತಿದ್ದವು. ಒಂದೊಂದೇ ಆದೇಶ ನಡೆಸಿ ಆ ಚುಕ್ಕಿಗಳನ್ನು ಇಣುಕಿ ನೋಡೋದೇ ಆಗಿನ ಡಿಬಗ್ಗಿಂಗ್. ಆದರೆ ಇರೋದು ಒಂದೇ ಮೆಷಿನ್, ಕಾಯೋರು ಬಹಳ ಮಂದಿ. ಹಾಗಾಗಿ 'ಪೋಸ್ಟ್‌ಮಾರ್ಟಮ್' ಅನ್ನೋ ಪ್ರೋಗ್ರಾಮ್‌ಗಳು ಹುಟ್ಟಿಕೊಂಡವು. ಪ್ರೋಗ್ರಾಮ್ ನಿಂತ ಮೇಲೆ ಮೆಮೊರಿಯಲ್ಲಿ ಇದ್ದದ್ದನ್ನು ಕಾಗದಕ್ಕೆ ಇಳಿಸಿಕೊಂಡು, ತಮ್ಮ ಮೇಜಿನ ಹತ್ತಿರ ನಿಧಾನವಾಗಿ ಓದೋದು. ಅದೇ ತಂಡದ ಸ್ಟಾನ್ಲಿ ಗಿಲ್ 1951ರಲ್ಲಿ ತಪ್ಪು ಪತ್ತೆ ಮಾಡೋದರ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಪ್ರತಿ ಆದೇಶ ನಡೆದಂತೆಲ್ಲ ಅದರ ಅಕ್ಷರ ಅಚ್ಚಾಗೋ ಉಪಾಯವೂ ಅದರಲ್ಲಿದೆ.

1953ರಲ್ಲಿ ಎಂಐಟಿಯ ವರ್ಲ್‌ವಿಂಡ್ ಕಂಪ್ಯೂಟರಿಗೆ ಪುಟ್ಟ ಪುಟ್ಟ ಫೆರೈಟ್ ಬಳೆಗಳನ್ನು ತಂತಿಗೆ ಪೋಣಿಸಿದ ಮೆಮೊರಿ ಬಂತು. ಆ ಬಳೆಗೆ 'ಕೋರ್' ಅಂತ ಹೆಸರು. ಬಳೆಗಳು ಯಾವತ್ತೋ ಮ್ಯೂಸಿಯಂ ಸೇರಿವೆ, ಆದರೆ 'ಕೋರ್ ಡಂಪ್' ಅನ್ನೋ ಮಾತು ಉಳಿದುಕೊಂಡಿದೆ. 1961ರ ಸುಮಾರಿಗೆ ಎಂಐಟಿಯಲ್ಲೇ ಪಿಡಿಪಿ-1ಕ್ಕೆ ಬರೆದ ಡಿಬಗರ್‌ನ ಹೆಸರು ಡಿಡಿಟಿ. ಹೌದು, ನಮ್ಮೂರಲ್ಲಿ ಗೋಡೆಗೆ ಹೊಡೆಯುತ್ತಿದ್ದ ಸೊಳ್ಳೆ ಔಷಧಿಯ ಹೆಸರೇ! ಬಗ್ ಕೊಲ್ಲೋಕೆ ಇನ್ಯಾವ ಹೆಸರು ಬೇಕು? :) ಆಮೇಲೆ ಯೂನಿಕ್ಸ್ ಬಂತು. ಸಾಯೋ ಪ್ರೋಗ್ರಾಮಿನ ಮೆಮೊರಿಯನ್ನು 'ಕೋರ್' ಅನ್ನೋ ಫೈಲಿನಲ್ಲಿ ಇಡೋ ಪದ್ಧತಿ ಅದರದ್ದು. 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಡಿಬಿ ಇವತ್ತಿಗೂ ಆ ಫೈಲನ್ನು ಓದುತ್ತದೆ.

ಈಗ ನಮ್ಮ ಸರ್ವರ್ ಕಥೆ. ಕೋರ್ ಫೈಲಿನ ಗಾತ್ರದ ಮಿತಿ ಸೊನ್ನೆ ಅಂತ ಇತ್ತು, ಅಂದರೆ ಹೆಣವನ್ನೇ ಉಳಿಸದೆ ಸುಡುತ್ತಿದ್ದೆವು. ಮಿತಿ ತೆಗೆದ ಮೂರನೇ ದಿನ ಕೋರ್ ಸಿಕ್ಕಿತು. ಜಿಡಿಬಿಯಲ್ಲಿ 'ಬಿಟಿ' ಅಂತ ಒತ್ತಿದರೆ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅನ್ನೋ ಪಟ್ಟಿ ಬರುತ್ತೆ. ಮೇಲಿನ ಸಾಲಿನಲ್ಲಿ ಇದ್ದದ್ದು ಆ ಹುಡುಗನ ಫಂಕ್ಷನ್ನೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಕಥೆ ಮುಗಿಯುತ್ತಿತ್ತು. ಆದರೆ ಅದು ಮುಟ್ಟಿದ ಮೆಮೊರಿಯನ್ನು ಬೇರೆ ಯಾರೋ ಆಗಲೇ ಬಿಡುಗಡೆ ಮಾಡಿಬಿಟ್ಟಿದ್ದರು. ಯಾರು ಅಂತ ಹುಡುಕುತ್ತಾ ಹೋದರೆ, ಟೈಮ್‌ಔಟ್ ಆದ ಕನೆಕ್ಷನ್ ಮುಚ್ಚೋ ಕೋಡ್. ಬರೆದವನು ನಾನು.

ಅವತ್ತು ಸಂಜೆ ಅವನನ್ನು ಟೀಗೆ ಕರೆದುಕೊಂಡು ಹೋಗಿ ಕ್ಷಮೆ ಕೇಳಿದೆ. ವಿಲ್ಕ್ಸ್ ಮೆಟ್ಟಿಲ ಮೇಲೆ ಕಂಡುಕೊಂಡದ್ದು ನನಗೆ ಅರ್ಥವಾಗೋಕೆ ಒಂದು ಕೋರ್ ಫೈಲ್ ಬೇಕಾಯಿತು..