ನಿಯೋಗಿಯೂ ವಕೀಲನೂ

ವ್ಯಾಜ್ಯಕ್ಕೆ ಸಿಲುಕಿದವನು ಸಭೆಗೆ ತಾನೇ ಬಂದು ತನ್ನ ಮಾತನ್ನು ತಾನೇ ಹೇಳಬೇಕೆಂಬುದು ಪ್ರಾಚೀನರ ಸಾಮಾನ್ಯ ಕ್ರಮವಾಗಿದ್ದಿತು. ಆದರೆ ಸಭೆಯನ್ನು ಕಂಡೊಡನೆ ನಾಲಗೆ ಒಣಗುವವರು ಎಲ್ಲ ಕಾಲದಲ್ಲಿಯೂ ಉಂಟಷ್ಟೆ. ಇದನ್ನರಿತೇ ಬೃಹಸ್ಪತಿಯು, ಮಾತುಗಾರಿಕೆಯಿಲ್ಲದವರು, ಜಡರು, ಉನ್ಮತ್ತರು, ವೃದ್ಧರು, ಸ್ತ್ರೀಯರು, ಬಾಲರು, ರೋಗಿಗಳು ಇವರ ಪರವಾಗಿ ಬಂಧುವಾಗಲಿ ನಿಯುಕ್ತನಾದ ಬೇರೊಬ್ಬನಾಗಲಿ ನುಡಿಯಬಹುದೆಂದು ವಿಧಿಸಿದನು. ಈ ನಿಯುಕ್ತನು ಸನ್ನದು ಪಡೆದವನಲ್ಲ, ಪರೀಕ್ಷೆ ಕೊಟ್ಟವನೂ ಅಲ್ಲ. ಕಕ್ಷಿಗಾರನು ನಂಬಿ ಒಪ್ಪಿಸಿದುದೇ ಅವನ ಅಧಿಕಾರಪತ್ರ. ಅವನು ಗೆದ್ದರೂ ಸೋತರೂ ಆ ಫಲವು ನಿಯೋಜಿಸಿದವನನ್ನೇ ಸೇರತಕ್ಕದ್ದೆಂದು ನಾರದನ ಮತ. ಕೊಲೆ, ಕಳವು ಮೊದಲಾದ ಘೋರಾಪರಾಧಗಳಲ್ಲಿ ಮಾತ್ರ ಪ್ರತಿನಿಧಿಯು ಸಲ್ಲನು, ಅಪರಾಧಿಯೆನಿಸಿದವನೇ ಉತ್ತರ ಕೊಡಬೇಕು ಎಂದು ಕಾತ್ಯಾಯನನು ಹೇಳುತ್ತಾನೆ.

ಹಾಗಾದರೆ ಕಂಡಕಂಡವರೆಲ್ಲರೂ ಪರರ ವ್ಯಾಜ್ಯದಲ್ಲಿ ಬಾಯಿಹಾಕಬಹುದೇ? ಕೂಡದು. ತಂದೆಯಲ್ಲದ, ಮಗನಲ್ಲದ, ಸೋದರನಲ್ಲದ, ನಿಯೋಗವನ್ನೂ ಹೊಂದದ ಮನುಷ್ಯನು ಪರಾರ್ಥವಾಗಿ ವಾದಿಸಿದರೆ ದಂಡ್ಯನೆಂದು ಅದೇ ನಾರದನ ಕಟ್ಟಳೆ. ಈ ಕಟ್ಟಳೆಯ ಅವಶ್ಯಕತೆಯೇನೆಂಬುದು, ನಾರದಸ್ಮೃತಿಗೆ ಅಸಹಾಯನು ಬರೆದ ಭಾಷ್ಯದಲ್ಲಿರುವ ಪಾಟಲೀಪುತ್ರದ ಒಂದು ಕಥೆಯಿಂದ ಚೆನ್ನಾಗಿ ವ್ಯಕ್ತವಾಗುತ್ತದೆ. ಶ್ರೀಧರನೆಂಬ ವರ್ತಕನು ದೇವಧರನಿಗೆ 10,000 ದ್ರಮ್ಮಗಳನ್ನು ಸಾಲವಾಗಿ ಕೊಟ್ಟಿದ್ದನು. ದೇವಧರನು ಸತ್ತು, ಕಡೆಗೆ ಅವನ ಮರಿಮಗ ಮಹೀಧರನೊಬ್ಬನೇ ಉಳಿದನು. ಆಗ ಸ್ಮಾರ್ತದುರ್ಧರನೆಂಬ ಪಂಡಿತನು ಮಹೀಧರನ ಸೋದರಮಾವಂದಿರ ಬಳಿ ಬಂದು, ಒಂದು ಕಾಸನ್ನೂ ಕೊಡಬೇಕಾಗಿಲ್ಲವೆಂದು ಶಾಸ್ತ್ರದಿಂದಲೇ ಸಾಧಿಸಿಕೊಡುವೆನೆಂದನು. ಅವರು 1,000 ದ್ರಮ್ಮಗಳನ್ನು ಕೊಡಲೊಪ್ಪಿದರು. ಪಿತೃಗಳ ಋಣವು ನಾಲ್ಕನೆಯ ತಲೆಗೆ ನಿಂತುಹೋಗುತ್ತದೆಂಬುದು ಅವನ ವಾದ. ನೆಂಟಸ್ತಿಕೆಯಿಲ್ಲದ ತಾನು ಸಭೆಯಲ್ಲಿ ನಿಲ್ಲುವುದಕ್ಕೆ ನೆಪ ಬೇಕಲ್ಲ! ಅದಕ್ಕಾಗಿ, ಎರಡು ಮನೆತನಗಳಿಗೂ ಅಜ್ಜಂದಿರ ಕಾಲದಿಂದ ಸ್ನೇಹವೆಂದು ಕಥೆ ಕಟ್ಟಿದನು. ಸ್ಮಾರ್ತಶೇಖರನೆಂಬ ಇನ್ನೊಬ್ಬ ವಿದ್ವಾಂಸನು ಎದುರು ನಿಂತು ಅವನನ್ನು ಮುರಿದನು. ಸ್ಮಾರ್ತದುರ್ಧರನಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಶುಕ್ರನೀತಿಯು ನಿಯೋಗಿಗೆ ಸಂಬಳವನ್ನೂ ಗೊತ್ತುಮಾಡಿದೆ: ಸಾಮಾನ್ಯವಾಗಿ ವ್ಯಾಜ್ಯದ ಹಣದ 16ರಲ್ಲಿ ಒಂದು ಭಾಗ, ಹಣ ಹೆಚ್ಚಿದಂತೆ ಈ ಪಾಲು ಇಳಿಯುತ್ತದೆ. ಹೆಚ್ಚು ಕಿತ್ತುಕೊಂಡವನಿಗೆ ರಾಜದಂಡ. ಈ ಗ್ರಂಥವು ಬಹು ಅರ್ವಾಚೀನವೆಂದು ಕೆಲವು ವಿದ್ವಾಂಸರು ವಾದಿಸಿರುವುದರಿಂದ ಇದನ್ನು ಪುರಾತನಾಚಾರಕ್ಕೆ ಪ್ರಮಾಣವಾಗಿ ಹಿಡಿಯುವುದು ಕ್ಷೇಮವಲ್ಲ.

ಸನ್ನದಿನ ಕಾಲವು ಕಂಪೆನಿ ಸರ್ಕಾರದಿಂದ ಮೊದಲಾಯಿತು. ಕಾರ್ನ್‌ವಾಲಿಸನ 1793ರ 7ನೆಯ ರೆಗ್ಯುಲೇಷನ್ನು ಬಂಗಾಳದ ಅದಾಲತುಗಳಲ್ಲಿ ವಕೀಲರನ್ನು ನೇಮಿಸುವ ಅಧಿಕಾರವನ್ನು ಸದರ್ ದಿವಾನಿ ಅದಾಲತಿಗೆ ಕೊಟ್ಟು, ಅವರ ಫೀಜನ್ನೂ ಗೊತ್ತುಮಾಡಿತು. ಹಿಂದೂಗಳಿಗೂ ಮುಸಲ್ಮಾನರಿಗೂ ಮಾತ್ರ ಇದ್ದ ಆ ವೃತ್ತಿಯು 1846ರಲ್ಲಿ ಜಾತಿಮತಗಳ ಕಟ್ಟಿಲ್ಲದೆ ತೆರೆಯಿತು. 1879ರ ಕಾಯಿದೆಯಲ್ಲಿ ಪ್ಲೀಡರರೊಡನೆ ಮುಖ್ತಾರರಿಗೂ ಸ್ಥಾನವಿದ್ದಿತು. 1961ರ ಅಡ್ವೊಕೇಟರ ಕಾಯಿದೆಯು ಒಂದೇ ವರ್ಗವನ್ನು ಉಳಿಸಿತು. ಮುಖತ್ಯಾರನಾಮೆ ಪಡೆದವನು ಸಿವಿಲ್ ದಾವೆಯಲ್ಲಿ ಕಕ್ಷಿಗಾರನ ಪರವಾಗಿ ಹಾಜರಾಗಬಹುದು, ಅರ್ಜಿ ಕೊಡಬಹುದು. ವಾದಿಸುವ ಹಕ್ಕು ಅದರಿಂದ ಬಾರದು.

ವಂಚಕರನ್ನು ಹೊರಗಿಡಲು ಕಟ್ಟಿದ ಬೇಲಿಯು ಬಡವನ ನೆರವಿಗೆ ಬಂದ ಅಣ್ಣನನ್ನೂ ಹೊರಗಿಟ್ಟೀತೆಂಬ ಶಂಕೆ ಸಹಜವಾದುದು. ಅದೇ ಕಾಯಿದೆಯ 32ನೆಯ ಕಲಮು ಒಂದು ಕಿಟಕಿಯನ್ನು ಬಿಟ್ಟಿದೆ: ಯಾವುದಾದರೊಂದು ಮೊಕದ್ದಮೆಯಲ್ಲಿ ವಕೀಲನಲ್ಲದವನಿಗೂ ನ್ಯಾಯಾಲಯವು ಅಪ್ಪಣೆ ಕೊಡಬಹುದು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು, ಇಂಥವನು ಅಪ್ಪಣೆಯನ್ನು ಬೇಡಬಹುದೇ ಹೊರತು ಹಕ್ಕೆಂದು ಕೇಳಲಾರನೆಂದು ತೀರ್ಪಿತ್ತರು. ಬಂದವನ ಪೂರ್ವವೃತ್ತವೇನು, ಕಕ್ಷಿಗಾರನಿಗೂ ಅವನಿಗೂ ಸಂಬಂಧವೇನು, ವಕೀಲನನ್ನು ಬಿಟ್ಟು ಇವನನ್ನೇ ಕರೆತಂದುದೇಕೆ ಎಂಬುದನ್ನೆಲ್ಲ ನ್ಯಾಯಾಧೀಶರು ವಿಚಾರಿಸಬೇಕು. ಅಯೋಗ್ಯನೆಂದು ಕಂಡರೆ ಕೊಟ್ಟ ಅಪ್ಪಣೆಯನ್ನು ನಡುವೆಯೇ ಹಿಂದೆಗೆದುಕೊಳ್ಳಬಹುದು.